ಮೈನೆಯ ಹಾಡು ಕೇಳಿದ ಕನ್ನಡಿಗರು

(ಡೊಂಬಿವಲಿಯಲ್ಲಿ ಕೂಡಿದ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸಭೆಯಲ್ಲಿ ವಾರ್ಷಿಕೋತ್ಸವದ ಖರ್ಚಿನ ಮಾತು ಬಂದಾಗ ಒಂದು ಪ್ರಶ್ನೆ ಎದ್ದಿತು. ಯಕ್ಷಗಾನಕ್ಕೆಂದು ನಾವು ಬೆವರು ಸುರಿಸಿ ಕೂಡಿಸಿದ ಹಣದಲ್ಲಿ ಮರಾಠಿ ಶಾಹೀರರನ್ನು ಕರೆಸಿ ಪೋವಾಡ ಹಾಡಿಸುವುದೇಕೆ? ಕೇಳಿದವರು ಸಿಟ್ಟಿನಿಂದಲೇ ಕೇಳಿದರು. ಆ ಸಿಟ್ಟಿಗೆ ಕಾರಣವೂ ಉಂಟು. ಉತ್ತರ ಹೇಳುವ ಹೊಣೆಯನ್ನು ಸಮಿತಿಯವರು ನಮ್ಮ ತಲೆಗೆ ಕಟ್ಟಿದ್ದಾರೆ.

ನಾವು ಏಳನೆಯ ಇಯತ್ತೆಗೆ ಓದು ನಿಲ್ಲಿಸಿದವರು. ಊರಿನ ಚೆಂಡೆ ಮದ್ದಳೆ ಬಿಟ್ಟರೆ ಬೇರೊಂದು ವಾದ್ಯ ನಮ್ಮ ಕಿವಿಗೆ ಬಿದ್ದದ್ದಿಲ್ಲ. ಠಾಣೆಗೆ ಬಂದು ಹೋಟೆಲು ಸೇರಿ, ಅಲ್ಲಿಂದ ಕಲ್ಯಾಣಕ್ಕೆ ಹೋದ ಮೇಲೆ, ಮರಾಠಿ ಓದುಬರಹ ಕಲಿಯಬೇಕೆಂದು ನಾವು ನಾಲ್ಕೈದು ಜನ ರಾತ್ರಿ ತರಗತಿಗೆ ಹೋಗುತ್ತಿದ್ದೆವು. ಒಂದು ಆಗಸ್ಟ್ 1ರಂದು ನಮ್ಮ ಮಾಸ್ತರರು ಪುಸ್ತಕ ಮುಚ್ಚಿ, "ಇಂದಿನ ಪಾಠ ಚಾಳಿನ ಅಂಗಳದಲ್ಲಿ" ಎಂದು ಕರೆದೊಯ್ದರು. ಅಂದು ಅಣ್ಣಾಭಾವು ಸಾಠೆಯವರ ಜಯಂತಿ.

ಯಾರೀ ಅಣ್ಣಾಭಾವು? 1920ರಲ್ಲಿ ವಾಟೆಗಾವಿನಲ್ಲಿ ಬಡ ಮಾತಂಗರ ಮನೆಯಲ್ಲಿ ಹುಟ್ಟಿದವರು. ಶಾಲೆಗೆ ಹೋದದ್ದು ಒಂದೂವರೆ ದಿನ ಮಾತ್ರವೆಂದು ಹೇಳುತ್ತಾರೆ. ಮುಂಬಯಿಯಲ್ಲಿ ಕೂಲಿ ಮಾಡಿದರು, ಗಿರಣಿಯಲ್ಲಿ ದುಡಿದರು. ಅಮರ ಶೇಖ್, ಗವ್ಹಾಣಕರರೊಡನೆ ಲಾಲ್ ಬಾವಟಾ ಕಲಾಪಥಕ ಕಟ್ಟಿ ಗಿರಣಿ ಕಾಮಗಾರರ ನಡುವೆ ಹಾಡಿದರು. ಇಂಥವರೇ 'ಫಕೀರಾ' ಕಾದಂಬರಿ ಬರೆದರು; 1961ರಲ್ಲಿ ರಷ್ಯಾ ದೇಶ ನೋಡಿ ಬಂದರು. ಏಳನೆಯ ಇಯತ್ತೆ ಕಡಿಮೆಯಾಯಿತೆಂದು ಕೊರಗುತ್ತಿದ್ದ ನಮಗೆ ಆ ಒಂದೂವರೆ ದಿನದ ಲೆಕ್ಕ ಬಹಳ ಧೈರ್ಯ ಕೊಟ್ಟಿತು.

ಅಂದು ಡಫಿನ ಪೆಟ್ಟಿಗೆ ಅವರ 'ಮಾಝಿ ಮೈನಾ' ಹಾಡಿದರು. ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದ ಬಡವ, ಹಳ್ಳಿಯಲ್ಲಿ ಉಳಿದ ಹೆಂಡತಿಯನ್ನು ನೆನೆಯುವ ಹಾಡು ಅದು. ನಮ್ಮ ಮರಾಠಿ ಆಗ ಅರೆಬರೆ, ಆದರೂ ತಿಳಿಯಿತು. ಜೊತೆಗಿದ್ದವರಲ್ಲಿ ಇಬ್ಬರ ಹೆಂಡಿರು ಕುಂದಾಪುರದ ಕಡೆ ಇದ್ದರು. ಅವರು ತಲೆ ಎತ್ತದೆ ಕುಳಿತಿದ್ದರು.

ಆದರೆ ಹಾಡು ಅಲ್ಲಿಗೆ ನಿಲ್ಲುವುದಿಲ್ಲ. ಅದು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದ ಹಾಡು. ಮುಂದೆ ಬೆಳಗಾವಿ, ಕಾರವಾರಗಳು ಪರರ ಕೈಯಲ್ಲಿವೆಯೆಂದು ಹಲುಬುತ್ತದೆ. ಆ ಪರರು ಯಾರು? ನಾವೇ! ನಮ್ಮೊಡನಿದ್ದ ಅಂಕೋಲೆಯ ಗೆಳೆಯರು ಥಟ್ಟನೆ ಎದ್ದು ಹೊರನಡೆದರು. ಆದರೆ ಕೋಣೆಗೆ ಹೋಗಲಿಲ್ಲ. ಹಾಡು ಮುಗಿಯುವ ತನಕ ಓಣಿಯ ತಿರುವಿನಲ್ಲಿ ನಿಂತು ಕೇಳಿದರು.

ಆ ಊರುಗಳು 1956ರ ನವೆಂಬರ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯೇ ಇರಬೇಕೆಂಬ ನಮ್ಮ ಮಾತಿನಲ್ಲಿ ಎಳ್ಳಷ್ಟೂ ಬದಲಿಲ್ಲ. ಹಾಗಿದ್ದೂ ಮೈನೆಯ ದುಃಖ ನಮ್ಮದಲ್ಲವೆನ್ನಲು ನಮಗೆ ಬಾಯಿ ಬಾರದು. ಒಂದೇ ಹಾಡಿನಲ್ಲಿ ಅರ್ಧಕ್ಕೆ ಕಣ್ಣೊರಸಿಕೊಂಡು ಉಳಿದರ್ಧಕ್ಕೆ ಜಗಳವಾಡಬಹುದು ಎಂಬುದನ್ನು ನಾವು ಅಲ್ಲಿ ಕಲಿತೆವು. ಇನ್ನೊಂದನ್ನೂ ಕಲಿತೆವು: ಜನರೆದುರು ನಿಂತು ಮಾತನಾಡುವುದನ್ನು. ಶಾಹೀರನು ಪದ ನಿಲ್ಲಿಸಿ ಸಾದಾ ಮಾತಿನಲ್ಲಿ ಒಂದು ಪ್ರಶ್ನೆ ಎಸೆದು, ಉತ್ತರ ಬರುವತನಕ ಕಾಯುತ್ತಾನೆ. ಮುಂದೆ ಹೋಟೆಲುಗಳ ಹಿಂಬಾಗಿಲಲ್ಲಿ ನಿಂತು ಸಂಬಳದ ಮಾತಾಡುವಾಗ ನಮಗೆ ಒದಗಿದ್ದು ಆ ವಿದ್ಯೆಯೇ.

ಅವರು ನಮ್ಮಿಂದ ಪಡೆದದ್ದೇನು ಕಡಿಮೆಯೆ? ವಾಶಿಯಲ್ಲಿ ವಿಷ್ಣುದಾಸ ಭಾವೆ ನಾಟ್ಯಗೃಹವಿದೆ. ನವೀ ಮುಂಬಯಿಯ ನಮ್ಮ ಬಂಧುಗಳು ಅದರ ಮುಂದೆಯೇ ಬಸ್ಸಿನಲ್ಲಿ ಹೋಗುವವರು. 1842ರ ಸುಮಾರಿಗೆ ಕನ್ನಡ ನಾಡಿನ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಆಟ ಆಡಿತು. ಅದನ್ನು ಕಂಡ ಅಲ್ಲಿಯ ಅರಸರು, ಮರಾಠಿಯಲ್ಲೂ ಇಂಥದು ಆಗಬೇಕೆಂದು ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ವಯಸ್ಸನ್ನು ಆ ನಾಟಕದಿಂದಲೇ ಎಣಿಸುತ್ತದೆ.

ಪೋವಾಡ ತಮಾಷೆಗಳೆಲ್ಲ ಕೀಳು ಜನರ ಕುಣಿತವೆಂದು ಒಬ್ಬರು ಅಂದರು. ಅವರಿಗೆ ದೂರದ ಒಂದು ಸಂಗತಿ. ಕರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಗುಲಾಮರ ಮಕ್ಕಳು ಡೋಲು ಬಾರಿಸದಂತೆ ಬ್ರಿಟಿಷರು ನಿರ್ಬಂಧ ಹಾಕಿದರು. ಅವರು ಬಿದಿರು ಬಡಿದರು; ಮುಂದೆ ಬಿಸ್ಕತ್ತಿನ ಡಬ್ಬ, ಎಣ್ಣೆಯ ಪೀಪಾಯಿಗಳನ್ನು ತಟ್ಟಿ ತಟ್ಟಿ ಸ್ವರ ಹೊರಡಿಸಿದರು. ನಮ್ಮ ಹೋಟೆಲಿನ ಹಿತ್ತಿಲಲ್ಲಿ ಉರುಳಾಡುವಂಥ ಡಬ್ಬಗಳೇ! 1951ರಲ್ಲಿ ಆ ವಾದ್ಯಮೇಳ ಲಂಡನ್ನಿನ ಉತ್ಸವಕ್ಕೆ ಹೋಗಿ ನುಡಿಸಿ ಬಂತು. ಅದೇ ದ್ವೀಪಕ್ಕೆ 1845ರಿಂದ 1917ರವರೆಗೆ ಕಬ್ಬಿನ ಗದ್ದೆಯ ಕೂಲಿಗೆಂದು ಹಡಗು ಹತ್ತಿದ ನಮ್ಮ ದೇಶದವರ ತಾಷಾ ಕೂಡ ಇಂದಿಗೂ ಅಲ್ಲಿ ಮೊಳಗುತ್ತಿದೆ. ಒಂದರ ಸದ್ದಿಗೆ ಇನ್ನೊಂದು ಅಡಗಲಿಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟು. ಎಂಟು ಗಂಟೆಗೆ ಪೋವಾಡ, ಒಂಬತ್ತೂವರೆಗೆ ಯಕ್ಷಗಾನ. ಬೆಳಗಾವಿಯ ಸಾಲು ಬಿಟ್ಟು ಹಾಡಿರೆಂದು ಶಾಹೀರರಿಗೆ ಹೇಳಬೇಕೆಂದು ಕೆಲವರ ಸಲಹೆಯಿದೆ. ನಾವು ಅದನ್ನು ಒಪ್ಪುವುದಿಲ್ಲ. ಹಾಡು ಇದ್ದಂತೆಯೇ ಬರಲಿ. ಎದ್ದು ಹೋಗುವವರು ಹೋಗಲಿ, ಬಾಗಿಲು ತೆರೆದೇ ಇರುತ್ತದೆ. ಆಮೇಲೆ ನಮ್ಮ ಭಾಗವತರು ಜಾಗಟೆ ಹಿಡಿಯುವಾಗ ಶಾಹೀರರೂ ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕೆಂದು ಅವರಿಗೆ ಈಗಲೇ ತಿಳಿಸಿದ್ದೇವೆ, ಒಪ್ಪಿದ್ದಾರೆ.

ಉಳಿದದ್ದು ಪಾಳಿಯ ತೊಡಕು. ಎಂಟಕ್ಕೆ ಶುರುವಾದರೆ ರಾತ್ರಿ ಪಾಳಿಯ ಹುಡುಗರಿಗೆ ಎರಡೂ ತಪ್ಪುತ್ತವೆ. ಕಲ್ಯಾಣ, ಠಾಣೆಯ ಪ್ರತಿನಿಧಿಗಳು ಅವರ ಹೆಸರುಗಳನ್ನು ಈ ಭಾನುವಾರದೊಳಗೆ ಕೊಟ್ಟರೆ, ಮಾಲಿಕರಲ್ಲಿ ಪಾಳಿ ಬದಲಿಸುವಂತೆ ಕೇಳಲು ನಾವೇ ಹೋಗುತ್ತೇವೆ.