ಕಜ್ಜಿ ವಾಸಿಯಾಗುತ್ತಿರುವ ಮೊಲದ ಆರೈಕೆ



ತಮಿಳು, ಮಲಯಾಳಗಳಲ್ಲಿ ಮುಯಲ್, ತೆಲುಗಿನಲ್ಲಿ ಕುಂದೇಲು, ಮರಾಠಿಯಲ್ಲಿ ಸಸಾ. ಹೆಸರು ಯಾವುದಾದರೂ, ಮನೆಯಲ್ಲಿ ಮೊಲವಿದ್ದರೆ ಮಕ್ಕಳಿಗೆ ಅದರದೇ ಧ್ಯಾನ. ಆ ಮೊಲಕ್ಕೆ ಕಜ್ಜಿ ಹಿಡಿದಾಗ ಮಾತ್ರ ಹಿರಿಯರ ವರಸೆ ಬದಲಾಗುತ್ತದೆ. ಮೂಗಿನ ತುದಿ, ಕಿವಿಯ ಅಂಚು, ಕಾಲಿನ ಬೆರಳುಗಳ ಮೇಲೆ ಬೂದು ಬಣ್ಣದ ಹಕ್ಕಳೆ ಕಂಡೊಡನೆ "ಗುಡ್ಡೆಗೆ ಬಿಟ್ಟು ಬಾ" ಎನ್ನುತ್ತಾರೆ. ದಯವಿಟ್ಟು ಬಿಡಬೇಡಿ. ನಿಮ್ಮ ಮನೆಯ ಮೊಲ ಯುರೋಪಿನ ಬಿಲದ ಮೊಲದ ಸಂತತಿ. ನಮ್ಮ ಕಾಡು ಮೊಲದ ಜಾತಿಯೇ ಬೇರೆ. ಗುಡ್ಡೆಯಲ್ಲಿ ಅದು ನಾಯಿಯ ಬಾಯಿಗೆ ಬೀಳುತ್ತದೆ, ಅಷ್ಟೆ. ಈ ಕಜ್ಜಿ ವಾಸಿಯಾಗುವಂಥದು.

ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಚರ್ಮ ಕೊರೆಯುವುದರಿಂದ ಬರುವ ರೋಗ ಇದು. ಪಶುವೈದ್ಯರು ಮೊಲದ ತೂಕ ನೋಡಿ ಸಾಮಾನ್ಯವಾಗಿ ಐವರ್ಮೆಕ್ಟಿನ್ ಸೂಜಿ ಕೊಡುತ್ತಾರೆ. ನಾಲ್ಕೈದು ದಿನದಲ್ಲಿ ತುರಿಕೆ ತಗ್ಗುತ್ತದೆ. ಅಲ್ಲಿಗೆ ಮುಗಿಯಿತೆಂದು ನೀವು ತಿಳಿದರೆ ತೊಂದರೆ ಶುರುವಾಗುವುದು ಅಲ್ಲಿಂದಲೇ. ಮದ್ದು ಹುಳುವನ್ನು ಕೊಲ್ಲುತ್ತದೆ, ಅದರ ಮೊಟ್ಟೆಯನ್ನಲ್ಲ. ಆ ಮೊಟ್ಟೆಗಳು ಒಡೆದು ಹೊಸ ಹುಳು ಬರುತ್ತವೆ. ಆದುದರಿಂದಲೇ 10ರಿಂದ 14 ದಿನಗಳ ಅಂತರದಲ್ಲಿ ಎರಡನೆಯ ಸೂಜಿ, ಕೆಲವೊಮ್ಮೆ ಮೂರನೆಯದೂ ಬೇಕು. ವೈದ್ಯರ ಚೀಟಿ ಯಾವ ಭಾಷೆಯಲ್ಲಿದ್ದರೂ ತಾರೀಕಿನ ಅಂಕಿ ಓದಲು ಬರುತ್ತದಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ. ಕೆಳಗೆ ಹಸಿ ಗಾಯವಿರುತ್ತದೆ, ನೋಯುತ್ತದೆ, ತಾನಾಗಿ ಉದುರಲಿ. ಸ್ನಾನವೂ ಬೇಡ, ಒದ್ದೆಯಾದ ಮೊಲ ಹೆದರಿ, ತಣ್ಣಗಾಗಿ ಸತ್ತದ್ದುಂಟು. ಸೀಮೆಎಣ್ಣೆ, ಲಾರಿಯ ಹಳೆ ಆಯಿಲ್ ಹಚ್ಚುವ ಪದ್ಧತಿ ನಮ್ಮ ಕಡೆ ಇದೆ. ಮೊಲ ಮೈ ನೆಕ್ಕುವ ಪ್ರಾಣಿ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನಾಯಿಯ ಉಣ್ಣೆಗೆ ತಂದ ಫಿಪ್ರೋನಿಲ್ ಸ್ಪ್ರೇಯನ್ನಂತೂ ಮೊಲಕ್ಕೆ ಹೊಡೆಯಲೇಬಾರದು.

ಇನ್ನು ಗೂಡು. ಹಳೆಯ ಗೋಣಿ, ಹುಲ್ಲು, ಮರದ ಪೆಟ್ಟಿಗೆ ಇದ್ದರೆ ಸುಟ್ಟುಬಿಡಿ. ತಂತಿಬಲೆಯ ಗೂಡಿಗೆ ಕುದಿಯುವ ನೀರು ಹೊಯ್ದು ಬಿಸಿಲಿಗಿಡಿ. ಆಟಿಯ ಮಳೆಯಲ್ಲಿ ಬಿಸಿಲೆಲ್ಲಿ ಬರಬೇಕು ಎನ್ನುತ್ತೀರಾ? ಮೊಲವನ್ನು ಹೊರಗಿಟ್ಟು, ಬರೀ ಕಬ್ಬಿಣದ ಬಲೆಯಾದರೆ ಒಣ ತೆಂಗಿನಗರಿಯ ಸೂಡಿಯ ಬೆಂಕಿ ತಾಗಿಸಿ. ಮನೆಯ ಉಳಿದ ಮೊಲಗಳನ್ನೂ ಅದೇ ದಿನ ವೈದ್ಯರಿಗೆ ತೋರಿಸಿ. ಗಬ್ಬದ ಮೊಲವಿದ್ದರೆ ಮೊದಲೇ ಹೇಳಿ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಮೇವಿಗೆ. ಮೂತಿ ಹುಣ್ಣಾದ ಮೊಲ ತಿನ್ನುವುದು ಬಿಡುತ್ತದೆ, ಮೊಲದ ಕರುಳು ಖಾಲಿ ಕೂತರೆ ನಿಂತೇಹೋಗುತ್ತದೆ. ಕಜ್ಜಿಯ ಮೊಲ ಎಷ್ಟೋ ಬಾರಿ ಸಾಯುವುದು ಹೊಟ್ಟೆಗಿಲ್ಲದೆ. ಎಳೆ ಹುಲ್ಲು, ಹೊಂಗಾರೆ ಸೊಪ್ಪು (ಮಲಯಾಳದವರ ಮುರಿಕ್ಕ್) ಸ್ವಲ್ಪ ಬಾಡಿಸಿ, ಮಳೆನೀರು ಒರೆಸಿ ಕೊಡಿ. ಒಣಹುಲ್ಲು, ನೀರು ಸದಾ ಇರಲಿ. ಅನ್ನ, ಬಿಸ್ಕತ್ತು, ಬೆಲ್ಲ ಬೇಡ, ಮಕ್ಕಳು ಎಷ್ಟು ಹಟ ಮಾಡಿದರೂ ಬೇಡ. ದಿನಾ ಬೆಳಗ್ಗೆ ಹಿಕ್ಕೆ ನೋಡಿ. ಗುಂಡಗೆ, ಧಾರಾಳವಾಗಿದ್ದರೆ ಚಿಂತೆಯಿಲ್ಲ. ಸಣ್ಣದಾಗಿ, ವಿರಳವಾಗಿದ್ದು ಮೊಲ ಮುದುರಿ ಕುಳಿತು ಹಲ್ಲು ಕಡಿಯುತ್ತಿದ್ದರೆ ಎರಡನೆಯ ಸೂಜಿಯ ದಿನಕ್ಕೆ ಕಾಯಬೇಡಿ. ಅರ್ಧ ದಿನ ಏನೂ ತಿನ್ನದ ಮೊಲವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವಾರಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡುವುದೂ ಒಳ್ಳೆಯದು.

ಎತ್ತಿ ಆಡಿಸುವ ಮಕ್ಕಳ ಮುಂಗೈಯಲ್ಲಿ ತುರಿಕೆಯ ಗುಳ್ಳೆ ಏಳಬಹುದು. ಮೊಲದ ನುಸಿ ಮನುಷ್ಯರ ಚರ್ಮದಲ್ಲಿ ಬೆಳೆದು ನೆಲೆಸುವುದಿಲ್ಲ, ಆದರೂ ವೈದ್ಯರಿಗೆ ತೋರಿಸಿ, ಮೊಲದ ವಿಷಯವನ್ನೂ ತಿಳಿಸಿ. ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಲಿ. ಹಾಸಿಗೆಗೆ ಮೊಲ ಸದ್ಯಕ್ಕೆ ಬೇಡ.

ಎರಡನೆಯ ಸೂಜಿಗೆ ಹೋಗುವಾಗ ಬುಟ್ಟಿಗೆ ಹೊಸ ಒಣಹುಲ್ಲು ಹಾಸಿ, ಗಾಳಿಯಾಡುವಂತೆ ಮುಚ್ಚಿ. ಮೊಲಕ್ಕೆ ಸೆಕೆ ತಡೆಯದು. ಬೆಳಗ್ಗಿನ ಮೊದಲ ಬಸ್ಸು ಹಿಡಿಯಿರಿ, ಬಿಸಿಲು ಬೀಳದ ಕಡೆಯ ಸೀಟಿನಲ್ಲಿ ಕುಳಿತುಕೊಳ್ಳಿ.