ಬಂಡಾಯಕ್ಕೆ ಬುತ್ತಿ ಕಟ್ಟಿದವರು

(ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗೋಪನಕೊಪ್ಪ ಇಂದು ಹುಬ್ಬಳ್ಳಿ ನಗರದೊಳಗೆ ಸೇರಿಹೋದ ಊರು. ಹೆಸರಿನ ಕೊನೆಗಿರುವ ‘ಕೊಪ್ಪ’ ಮಾತ್ರ ಹಳೆಯ ಸುದ್ದಿಯನ್ನು ಇನ್ನೂ ಹೇಳುತ್ತಿದೆ. ಕೊಪ್ಪವೆಂದರೆ ಸಣ್ಣ ಹಳ್ಳಿ. ಧಾರವಾಡ, ಬೆಳಗಾವಿ ಸೀಮೆಯಲ್ಲಿ ಇಂಥ ಕೊಪ್ಪಗಳು ಎಷ್ಟೋ ಇವೆ. ಒಂದು ಚಾವಡಿ, ಒಂದು ಹನುಮಪ್ಪನ ಗುಡಿ, ಒಬ್ಬ ಗೌಡ, ಒಬ್ಬ ಕುಲಕರ್ಣಿ, ಒಬ್ಬ ತಳವಾರ, ಒಂದಿಬ್ಬರು ವಾಲಿಕಾರರು ಇದ್ದರೆ ಹಳ್ಳಿಯ ಸರಕಾರ ಮುಗಿಯಿತು. ಬಂಡಾಯಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕೋಟೆಗಳಿಂದ ಆರಂಭಿಸುತ್ತಾರೆ. ಆದರೆ ಈ ಸೀಮೆಯ ಬಂಡಾಯಗಳು ಹುಟ್ಟಿದ್ದು, ಬದುಕಿದ್ದು, ಕೊನೆಗೆ ಸೋತದ್ದು ಕೂಡ ಇಂಥ ಕೊಪ್ಪಗಳಲ್ಲಿಯೇ.

ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಭಾವೆ ದಂಗೆಯೆದ್ದ. ಅವನಿಗೆ ಗುಡ್ಡದ ಮೇಲೆ ಭದ್ರವಾದ ಕೋಟೆಯಿತ್ತು, ಸಂಸ್ಥಾನವಿತ್ತು, ಹೆಸರಿತ್ತು. ಇಂಗ್ಲಿಷರ ದಂಡು ಬಂದ ಎರಡೇ ದಿನಗಳಲ್ಲಿ ಎಲ್ಲವೂ ಮುಗಿದುಹೋಯಿತು. ಅದಕ್ಕೂ 28 ವರ್ಷ ಮೊದಲು, 1830ರಲ್ಲಿ, ಸಂಗೊಳ್ಳಿಯ ರಾಯಣ್ಣ ದಂಗೆಯೆದ್ದಾಗ ಅವನ ಬಳಿ ಕೋಟೆಯಿರಲಿಲ್ಲ, ಖಜಾನೆಯಿರಲಿಲ್ಲ. ಆದರೂ ಕಂಪನಿ ಸರಕಾರ ಅವನನ್ನು ಹಿಡಿಯಲು ಮೂರು ತಿಂಗಳಿಗೂ ಮಿಕ್ಕಿ ಹೆಣಗಬೇಕಾಯಿತು. ಕೊನೆಗೂ ಅವನು ಸಿಕ್ಕಿದ್ದು ಕಾಳಗದಲ್ಲಿ ಅಲ್ಲ, ಮೋಸದಿಂದ. ಕೋಟೆಯಿದ್ದವನು ಬೇಗ ಸೋತು, ಕೋಟೆಯಿಲ್ಲದವನು ಉಳಿದದ್ದು ಹೇಗೆ?

ಹೊಲ ಮತ್ತು ಸನದು

ಉತ್ತರ ಸಿಗಬೇಕಾದರೆ ರಾಯಣ್ಣನ ಉದ್ಯೋಗವನ್ನು ನೋಡಬೇಕು. ಅವನು ಕಿತ್ತೂರು ಸಂಸ್ಥಾನದ ಶೇತಸನದಿ. ಶೇತವೆಂದರೆ ಹೊಲ, ಸನದು ಎಂದರೆ ಅಧಿಕಾರಪತ್ರ. ಊರ ಕಾವಲು ಕಾಯುವುದು, ಸಂಸ್ಥಾನ ಕರೆದಾಗ ಆಯುಧ ಹಿಡಿದು ಹೋಗುವುದು ಅವನ ಕೆಲಸ; ಅದಕ್ಕೆ ಪ್ರತಿಯಾಗಿ ಅನುಭವಿಸಲು ಒಂದು ತುಂಡು ಹೊಲ. ಹೀಗೆ ಪ್ರತಿಯೊಂದು ಹಳ್ಳಿಯಲ್ಲೂ ಆಯುಧ ಬಲ್ಲ, ದಾರಿ ಬಲ್ಲ, ಅಕ್ಕಪಕ್ಕದ ಹಳ್ಳಿಗಳ ತನ್ನಂಥವರನ್ನು ಬಲ್ಲ ಕೆಲವರು ಇದ್ದೇ ಇರುತ್ತಿದ್ದರು. ಕುರಿ ಕಾಯುವವನಿಂದ ಹಿಡಿದು ಗೌಡನವರೆಗೆ ಎಲ್ಲರ ಸುದ್ದಿಯೂ ಅವರಿಗೆ ಗೊತ್ತಿರುತ್ತಿತ್ತು.

1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ಸೆರೆಯಲ್ಲಿದ್ದ ರಾಣಿ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದಲ್ಲಿ ಕಣ್ಣು ಮುಚ್ಚಿದಳು. ಕಂಪನಿಯ ಕಾಗದಪತ್ರಗಳಲ್ಲಿ ಕಿತ್ತೂರಿನ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಹಳ್ಳಿಗಳಲ್ಲಿ ಅದು ಆಗಷ್ಟೇ ಶುರುವಾಗಿತ್ತು. ಸಂಸ್ಥಾನವೇ ಇಲ್ಲವೆಂದ ಮೇಲೆ ಶೇತಸನದಿಗಳಿಗೆ ಹೊಲವೇಕೆ ಎಂಬುದು ಹೊಸ ಸರಕಾರದ ಲೆಕ್ಕ. ಕೆಲವರ ಹೊಲ ಹೋಯಿತು, ಉಳಿದ ಹೊಲಕ್ಕೆ ಪಟ್ಟಿ ಬಿತ್ತು. ರಾಯಣ್ಣನ ಹೊಲಕ್ಕೂ ಅದೇ ಗತಿಯಾಯಿತು. ಒಬ್ಬೊಬ್ಬರಿಗೂ ತಂತಮ್ಮ ಮನೆಯ ಕಷ್ಟವೆಂದು ಕಂಡದ್ದು ವಾಸ್ತವವಾಗಿ ಒಂದು ಇಡೀ ವರ್ಗದ ಕಷ್ಟವಾಗಿತ್ತು. ಬಂಡಾಯವೊಂದು ತಲೆಯೆತ್ತಲು ಬರಿಯ ಬಡತನ ಸಾಲದು. ಒಂದೇ ಬಗೆಯ ನೋವು ಒಬ್ಬರನ್ನೊಬ್ಬರು ಬಲ್ಲ ಜನರಿಗೆ ಒಂದೇ ಕಾಲಕ್ಕೆ ಆಗಬೇಕು. ಸರಕಾರ ತನಗೆ ತಿಳಿಯದೆಯೇ ಈ ಕೆಲಸವನ್ನು ಮಾಡಿಕೊಟ್ಟಿತು. ಹಳ್ಳಿ ಹಳ್ಳಿಗೆ ಹಬ್ಬಿದ್ದ ಕಾವಲಿನ ಹಳೆಯ ಜಾಲ ಹಾಗೆಯೇ ಬಂಡಾಯದ ಜಾಲವಾಗಿ ತಿರುಗಿತು.

ದಫ್ತರಕ್ಕೆ ಬೆಂಕಿ

ರಾಯಣ್ಣನ ಜನ ಆರಿಸಿಕೊಂಡ ಗುರಿಗಳು ಗಮನಾರ್ಹ. ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ನಂದಗಡ, ಖಾನಾಪುರ, ಸಂಪಗಾವಿಗಳ ಕಡೆ ದಾಳಿಗಳು ನಡೆದವು. ದಂಡನ್ನು ಬಯಲಿನಲ್ಲಿ ಎದುರಿಸುವುದಕ್ಕಿಂತ ಕಚೇರಿ, ಖಜಾನೆ ಮತ್ತು ಲೆಕ್ಕದ ದಫ್ತರಗಳ ಮೇಲೆ ಅವರ ಕಣ್ಣು. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು ಎಂಬುದು ಬರೆದಿಟ್ಟಿದ್ದು ಆ ದಫ್ತರಗಳಲ್ಲಿ. ಹೊಲ ಕಳೆದುಕೊಂಡವನಿಗೆ ಕಂಪನಿ ಸರಕಾರವೆಂದರೆ ಕೆಂಪಂಗಿಯ ಸಿಪಾಯಿಯಲ್ಲ, ಕುಲಕರ್ಣಿಯ ಕೈಯ ಕಾಗದ. ಅದು ಸುಟ್ಟಾಗ ಸುತ್ತಲಿನ ಹತ್ತು ಹಳ್ಳಿಗಳಿಗೆ ಬಂಡಾಯದ ಅರ್ಥ ಯಾರೂ ಹೇಳದೆಯೇ ತಿಳಿಯುತ್ತಿತ್ತು.

ದಾಳಿಯ ನಂತರ ಗುಂಪು ಕಾಡು ಸೇರುತ್ತಿತ್ತು. ಖಾನಾಪುರದ ಪಶ್ಚಿಮಕ್ಕೆ ಸಹ್ಯಾದ್ರಿಯ ದಟ್ಟ ಅಡವಿ. ಅಲ್ಲಿನ ದಾರಿ ಬಲ್ಲ ಸಿದ್ದಿಗಳೂ ರಾಯಣ್ಣನ ಜೊತೆಗಿದ್ದರು. ಗಜವೀರನೆಂಬ ಸಿದ್ದಿ ಅವನ ಆಪ್ತರಲ್ಲೊಬ್ಬ. ಬಂಡಾಯಗಾರರು ಲೂಟಿಕೋರರಲ್ಲವೆಂದು ತೋರಿಸಲು ಒಂದು ಹಕ್ಕಿನ ಮಾತೂ ಬೇಕಿತ್ತು. ದತ್ತಕ ಹೋದ ಶಿವಲಿಂಗಪ್ಪನೇ ಕಿತ್ತೂರಿನ ನಿಜವಾದ ದೊರೆ, ಅವನ ಹೆಸರಿನಲ್ಲಿಯೇ ಈ ಹೋರಾಟ ಎಂದು ಸಾರಲಾಯಿತು. ಹಳ್ಳಿಯವನೊಬ್ಬ ಕೊಟ್ಟ ಜೋಳ ಆಗ ಕಳ್ಳನಿಗೆ ಕೊಟ್ಟ ಜೋಳವಾಗುವುದಿಲ್ಲ, ದೊರೆಗೆ ಕೊಟ್ಟ ಕಾಣಿಕೆಯಾಗುತ್ತದೆ.

ಈ ಬಗೆಯ ಯುದ್ಧಕ್ಕೆ ಜಗತ್ತಿನಲ್ಲಿ ಹೆಸರು ಬಂದಿದ್ದು ಸ್ಪೇನಿನಿಂದ. 1808ರಿಂದ 1814ರವರೆಗೆ ನೆಪೋಲಿಯನ್ನನ ಸೈನ್ಯವನ್ನು ಅಲ್ಲಿಯ ಹಳ್ಳಿಗರು ಸಣ್ಣ ಸಣ್ಣ ಗುಂಪುಗಳಾಗಿ ಕಾಡಿದರು. ಸ್ಪ್ಯಾನಿಷ್ ಭಾಷೆಯಲ್ಲಿ ‘ಗೆರಿಲ್ಲಾ’ ಎಂದರೆ ‘ಸಣ್ಣ ಯುದ್ಧ’. ಆದರೆ ರೀತಿ ಈ ನೆಲಕ್ಕೆ ಹೊಸದಲ್ಲ. ಶಿವಾಜಿಯ ಕಾಲದ ‘ಗನಿಮಿ ಕಾವಾ’ ಇದೇ ಆಗಿತ್ತು. ಮುಂದೆ ಚೀನದ ಮಾವೋ, ಜನ ನೀರಿದ್ದಂತೆ, ಹೋರಾಟಗಾರರು ಅದರೊಳಗಿನ ಮೀನಿದ್ದಂತೆ ಎಂಬ ಅರ್ಥದ ಮಾತನ್ನು ಪ್ರಸಿದ್ಧಗೊಳಿಸಿದ. ರಾಯಣ್ಣ ಅದನ್ನು ಓದಿರಲು ಸಾಧ್ಯವಿಲ್ಲ. ರಾತ್ರಿ ರೊಟ್ಟಿ ಬಡಿದು ಬುತ್ತಿ ಕಟ್ಟಿ ಅಡವಿಯಂಚಿಗೆ ಕಳಿಸಿದ ತಾಯಂದಿರಿಗೂ ಅದು ಗೊತ್ತಿರಲಿಲ್ಲ.

ಹಾಗಾದರೆ ಸೋತದ್ದೇಕೆ? ಮೀನನ್ನು ಹಿಡಿಯಲಾಗದವರು ನೀರನ್ನು ಬತ್ತಿಸಲು ಹೊರಡುತ್ತಾರೆ. ಹಳ್ಳಿಗಳ ಮೇಲೆ ಒತ್ತಡ ಬಿತ್ತು, ಬಹುಮಾನದ ಆಸೆ ತೋರಿಸಲಾಯಿತು. ಹೊಸ ವ್ಯವಸ್ಥೆಯಲ್ಲಿ ಹೊಲ ಕಳೆದುಕೊಂಡವರಿದ್ದಂತೆ ಅಧಿಕಾರ ಉಳಿಸಿಕೊಂಡವರೂ ಇದ್ದರು. ಅಂಥ ಕೆಲವರು ರಾಯಣ್ಣನ ನಂಬಿಕೆ ಗಳಿಸಿ ಅವನ ಗುಂಪಿನೊಳಗೇ ಸೇರಿದರು. 1830ರ ಏಪ್ರಿಲ್‌ನಲ್ಲಿ, ಹಳ್ಳದಲ್ಲಿ ಸ್ನಾನಕ್ಕಿಳಿದು ಖಡ್ಗ ಕೈಯಲ್ಲಿಲ್ಲದ ಹೊತ್ತಿನಲ್ಲಿ, ಅವನನ್ನು ಹಿಡಿದುಕೊಟ್ಟರು. ಯಾವ ನಂಟು ಬಂಡಾಯವನ್ನು ಕಟ್ಟಿತ್ತೋ ಅದೇ ನಂಟಿನ ದಾರಿಯಲ್ಲಿ ದ್ರೋಹವೂ ಬಂತು. ಎಲ್ಲ ಎಳೆಗಳೂ ಒಬ್ಬನ ಕೈಯಲ್ಲಿದ್ದುದರಿಂದ ಅವನು ಸಿಕ್ಕೊಡನೆ ಬಂಡಾಯದ ಬಲ ಕುಂದಿತು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನಿಗೆ ಗಲ್ಲಾಯಿತು. ಅದೇ 1830ರ ವಸಂತದಲ್ಲಿ ದೂರದ ಜಾವಾ ದ್ವೀಪದಲ್ಲಿ, ಡಚ್ಚರ ವಿರುದ್ಧ ಐದು ವರ್ಷ ಕಾದಿದ್ದ ರಾಜಕುಮಾರ ದಿಪೊನೆಗೊರೊನನ್ನು ಮಾತುಕತೆಗೆಂದು ಕರೆದು ಸೆರೆಹಿಡಿಯಲಾಯಿತು. ಅಡವಿಯಲ್ಲಿ ಗೆಲ್ಲಲಾಗದ್ದನ್ನು ನಂಬಿಕೆಯ ಜಾಗದಲ್ಲಿ ಗೆಲ್ಲುವುದು ಎಲ್ಲ ಸಾಮ್ರಾಜ್ಯಗಳಿಗೂ ಗೊತ್ತಿದ್ದ ವಿದ್ಯೆ.

ಆಯುಧ ಕಿತ್ತುಕೊಂಡ ಮೇಲೆ

ಸರಕಾರವೂ ಪಾಠ ಕಲಿಯುತ್ತದೆ. 1857ರಲ್ಲಿ ಉತ್ತರ ಹಿಂದೂಸ್ಥಾನ ಹೊತ್ತಿಕೊಂಡಾಗ ಇಲ್ಲಿ ಮೊದಲು ಮಾಡಿದ ಕೆಲಸ ಜನರ ಆಯುಧಗಳನ್ನು ಕಸಿಯುವುದು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಅನ್ನ, ಮರ್ಯಾದೆ ಎಲ್ಲವೂ. ಅವರು ಕೊಡಲೊಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಕುದುರೆ ದಂಡು ರಾತ್ರೋರಾತ್ರಿ ಬಂದು ಊರಿಗೆ ಮುತ್ತಿಗೆ ಹಾಕಿತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ 19 ಮಂದಿಯನ್ನು ನೇಣಿಗೇರಿಸಲಾಯಿತು. ಹಲಗಲಿಯವರ ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಒಂದು ಊರು ಒಂದೇ ಕಡೆ ನಿಂತು ಕಾದಿತು. 

ಮರುವರ್ಷದ ಬಂಡಾಯದಲ್ಲಿ ಯೋಜನೆಯಿತ್ತು. ಇನಾಮು ಕಮಿಷನ್ನಿನ ವಿಚಾರಣೆಗಳಿಂದ ದೇಸಾಯಿಗಳೆಲ್ಲ ಕುದಿಯುತ್ತಿದ್ದರು. ಬಾಬಾಸಾಹೇಬನಿಗೆ ದತ್ತಕದ ಅನುಮತಿ ಸಿಕ್ಕಿರಲಿಲ್ಲ. ಮುಂಡರಗಿಯ ಭೀಮರಾಯ ಹಲವರನ್ನು ಒಟ್ಟುಗೂಡಿಸುತ್ತಿದ್ದ. ಎಲ್ಲರೂ ಒಮ್ಮೆಗೇ ಏಳಬೇಕೆಂಬುದು ಲೆಕ್ಕಾಚಾರ. ಆದರೆ 1858ರ ಮೇ ಕೊನೆಯಲ್ಲಿ ಹಮ್ಮಿಗೆಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಅಧಿಕಾರಿಗಳ ಕಣ್ಣಿಗೆ ಬಿದ್ದವು. ಗುಟ್ಟು ಬಯಲಾದ ಮೇಲೆ ಕಾಯುವಂತಿರಲಿಲ್ಲ. ಭೀಮರಾಯ ಡಂಬಳದ ಖಜಾನೆ ದೋಚಿ ಕೊಪ್ಪಳದ ಕೋಟೆ ಸೇರಿದ. ಮೇ 29ರ ರಾತ್ರಿ ಬಾಬಾಸಾಹೇಬನ ಜನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದರು. ಜೂನ್ 1ರಂದು ಕೊಪ್ಪಳದಲ್ಲಿ ಭೀಮರಾಯ ಹೋರಾಡುತ್ತ ಸತ್ತ. ಅದೇ ದಿನ ದಂಡು ನರಗುಂದಕ್ಕೆ ಬಂತು. ಕೋಟೆಯ ತೋಪುಗಳನ್ನು ಸರಕಾರ ಮೊದಲೇ ಧಾರವಾಡಕ್ಕೆ ಸಾಗಿಸಿಕೊಂಡಿತ್ತು. ತೋಪಿಲ್ಲದ ಕೋಟೆ ಬರಿಯ ಕಲ್ಲಿನ ರಾಶಿ. ಬಾಬಾಸಾಹೇಬನನ್ನು ಮರುದಿನ ತೊರಗಲ್ಲಿನ ಅಡವಿಯಲ್ಲಿ ಹಿಡಿದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕೋಟೆಯೊಳಗೆ ಕೂತವನ ವಿಳಾಸ ವೈರಿಗೆ ಗೊತ್ತಿರುತ್ತದೆ. ನರಗುಂದ ಮತ್ತು ಕೊಪ್ಪಳಗಳೆರಡೂ ಕಲಿಸುವುದು ಅದನ್ನೇ.

ಮತ್ತೆ ಚಾವಡಿಯ ಕಡೆಗೆ

ಎಂಟು ದಶಕಗಳು ಕಳೆದು 1942 ಬಂತು. ಆಗಸ್ಟಿನಲ್ಲಿ ಮುಂದಾಳುಗಳೆಲ್ಲ ಜೈಲು ಸೇರಿದಾಗ ಚಳವಳಿ ನಿಲ್ಲಲಿಲ್ಲ. ಹುಬ್ಬಳ್ಳಿಯಲ್ಲಿ ಮೆರವಣಿಗೆಯ ಮೇಲೆ ಗೋಲಿಬಾರಾಗಿ ನಾರಾಯಣ ಡೋಣಿ ಎಂಬ ಬಾಲಕ ಬಲಿಯಾದ. ಹಳ್ಳಿಗಳ ಕಡೆ ಹೋರಾಟ ಬೇರೆ ರೂಪ ತಾಳಿತು. ಆರ್.ಆರ್. ದಿವಾಕರರಂಥವರು ಭೂಗತರಾಗಿದ್ದುಕೊಂಡು ಎಳೆಗಳನ್ನು ಹಿಡಿದಿದ್ದರು. ಹಾವೇರಿ ಭಾಗದಲ್ಲಿ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರ ತಂಡ ಕೆಲಸ ಮಾಡಿತು. 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದಿದ್ದ ಕನ್ನಡಿಗ ಅವರು.

ಈ ತಂಡಗಳ ಗುರಿಗಳನ್ನು ನೋಡಿದರೆ ರಾಯಣ್ಣನ ನೆನಪಾಗದೆ ಇರದು. ಚಾವಡಿಯ ದಫ್ತರ, ಕಂದಾಯದ ಹಣ, ಟಪಾಲು, ರೈಲು ನಿಲ್ದಾಣ. ಆಳುವವನ ಕಣ್ಣು, ಕಿವಿ, ಜೇಬು ಇರುವುದು ಅಲ್ಲಿಯೇ. ಆದರೆ ಎರಡು ವ್ಯತ್ಯಾಸಗಳಿದ್ದವು. ಚಿಕ್ಕ ತಂಡಗಳು ತಂತಾವೇ ಕೆಲಸ ಮಾಡುತ್ತಿದ್ದುದರಿಂದ ಒಬ್ಬ ಸಿಕ್ಕರೆ ಎಲ್ಲವೂ ಮುಗಿಯುತ್ತಿರಲಿಲ್ಲ. ಪ್ರಾಣಹಾನಿ ಮಾಡಬಾರದೆಂಬ ಕಟ್ಟಳೆಯನ್ನು ಅವರೇ ಹಾಕಿಕೊಂಡಿದ್ದರು. ಆ ಕಟ್ಟಳೆಯ ಬೆಲೆ ಸಣ್ಣದಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ಗುಡಿಯಲ್ಲಿಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಕಾವಲಿನ ಪೊಲೀಸರು ಗುಂಡು ಹಾರಿಸಿದರು. ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಪ್ರಾಣಬಿಟ್ಟರು. ಮುಂದೆ 1944ರಲ್ಲಿ ಗಾಂಧೀಜಿ ಭೂಗತರೆಲ್ಲ ಹೊರಬರಬೇಕೆಂದು ಸಲಹೆಯಿತ್ತಾಗ ಹಲವರು ಹೊರಬಂದರು. ಯಾವಾಗ ನಿಲ್ಲಿಸಬೇಕೆಂದು ತಿಳಿಯುವುದೂ ಸಂಘಟನೆಯ ಒಂದು ಗುಣ. ನಿಲ್ಲಿಸಲು ಬಾರದ ಬಂಡಾಯಗಳು ತಾವು ಹೊರಟ ಕಾರಣವನ್ನೇ ಮರೆತು, ತಮಗೆ ಅನ್ನವಿಕ್ಕಿದ ಹಳ್ಳಿಗಳ ಮೇಲೆಯೇ ತಿರುಗಿಬಿದ್ದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ.

ಬಂಡಾಯಗಾರ, ದರೋಡೆಕೋರ ಎಂಬ ವ್ಯತ್ಯಾಸ ಎಲ್ಲಿದೆ? ಸರಕಾರಿ ಕಾಗದಗಳು ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತವೆ. ಆದರೆ ಜನರ ಅಳತೆಗೋಲು ಬೇರೆ. ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಇತ್ತು, ಹಲಗಲಿಯ ಬೇಡರದೂ ಇತ್ತು. ಗಲ್ಲಿಗೇರಿಸಿದ ಸರಕಾರದ ನೌಕರನೇ ಜನ ಅವರನ್ನು ಹೇಗೆ ಹಾಡುತ್ತಿದ್ದಾರೆಂದು ಬರೆದಿಟ್ಟ. ಹತ್ತಾರು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಜನರು ನೆನಪಿಟ್ಟುಕೊಂಡದ್ದೇ ಆ ವ್ಯತ್ಯಾಸಕ್ಕೆ ಸಾಕ್ಷಿ.

ಲಾವಣಿಯಲ್ಲಿ ರಾಯಣ್ಣನ ಹೆಸರಿದೆ, ಹಲಗಲಿಯ ವೀರರ ಹೆಸರಿದೆ. ಬುತ್ತಿ ಕಟ್ಟಿದವರ ಹೆಸರಿಲ್ಲ. ದಂಡು ಬಂದಾಗ ಅಡವಿಯ ದಾರಿ ಗೊತ್ತಿಲ್ಲವೆಂದು ತಲೆಯಾಡಿಸಿ ಏಟು ತಿಂದ ದನಗಾಹಿಯ ಹೆಸರಿಲ್ಲ. ನಾಯಕ ಸಿಕ್ಕಮೇಲೆ ಅವರ ಮನೆಗಳಿಗೆ ಏನಾಯಿತೆಂದು ಯಾವ ದಫ್ತರವೂ ಹೇಳುವುದಿಲ್ಲ. ಬಂಡಾಯಗಳನ್ನು ಹೊಗಳುವವರೂ ತೆಗಳುವವರೂ ಮೊದಲು ಲೆಕ್ಕಕ್ಕೆ ತಂದುಕೊಳ್ಳಬೇಕಾದವರು ಅವರು. ಅವರಿದ್ದದ್ದು ಕೋಟೆಗಳಲ್ಲಲ್ಲ, ಗೋಪನಕೊಪ್ಪದಂಥ ಕೊಪ್ಪಗಳಲ್ಲಿ.