ಒಂದೇ ರೊಟ್ಟಿ

ಮೈಸೂರಿನ ಲಕ್ಷ್ಮೀಪುರಂನಿಂದ ಭಾನುವಾರ ಚರ್ಚಿಗೆ ಹೊರಟವರು ಸಂತ ಬಾರ್ತೊಲೊಮಿಯ ದೇವಾಲಯಕ್ಕೂ ಹೋಗಬಹುದು, ವೆಸ್ಲಿ ಕೆಥೆಡ್ರಲ್‌ಗೂ ಹೋಗಬಹುದು. ಮೊದಲನೆಯದು ಆಂಗ್ಲಿಕನ್ನರು ಕಟ್ಟಿದ್ದು, ಎರಡನೆಯದು ಮೆಥಡಿಸ್ಟರದು. ಇಂದು ಎರಡೂ ಒಂದೇ ಸಭೆಗೆ ಸೇರಿವೆ. 1947ರಲ್ಲಿ ದೇಶ ಹೋಳಾದ ಆರೇ ವಾರಕ್ಕೆ, ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ ಆ ಸಭೆ, ಅಂದರೆ ದಕ್ಷಿಣ ಭಾರತ ಸಭೆ, ಹುಟ್ಟಿತು.

ಸಭೆ ಒಂದಾಯಿತೆಂದರೆ ಪಂಕ್ತಿಯೂ ಒಂದಾಯಿತು. ಪಂಕ್ತಿ ಎಂದರೇನೆಂದು ನಮ್ಮ ನಾಡಿಗೆ ಚೆನ್ನಾಗಿ ಗೊತ್ತು. ಯಾರ ಪಕ್ಕ ಯಾರು ಕೂರಬೇಕೆಂಬ ಲೆಕ್ಕದಲ್ಲೇ ನಾವು ಎಷ್ಟು ನೋವು ಕೊಟ್ಟಿದ್ದೇವೆ! ಚರ್ಚಿನಲ್ಲಿ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಆ ಲೆಕ್ಕಕ್ಕೆ ಜಾಗವಿಲ್ಲ. ಮೊಣಕಾಲೂರಿದ ಸಾಲಿನಲ್ಲಿ ಗಾರೆ ಕೆಲಸದವನ ಒರಟು ಅಂಗೈ, ಪಕ್ಕದಲ್ಲಿ ಮೇಷ್ಟರದು. ಎರಡಕ್ಕೂ ಒಂದೇ ರೊಟ್ಟಿಯ ತುಣುಕು. ಅನ್ಯೋನ್ಯತೆ ಎಂದರೆ ಇದೇ.

ಕಥೋಲಿಕರೂ ಪ್ರಾಟೆಸ್ಟಂಟರೂ ಇನ್ನೂ ಒಂದೇ ಪಂಕ್ತಿಗೆ ಬಂದಿಲ್ಲ. ಆ ದಿನವೂ ಬರಲೆಂದು ನನ್ನ ಪ್ರಾರ್ಥನೆ.